ಮಲೆನಾಡಿನ ನಡುಮನೆಗೆ ಎರಡು ತಿಳಿಹಸಿರು: ಯಾವುದು ಎಲ್ಲಿಗೆ ಒಪ್ಪುತ್ತದೆ

ಮನೆಯೊಳಗಿನ ಗೋಡೆಗೆ ತಿಳಿಹಸಿರು ಬಳಿಸಬೇಕೆಂದು ಹೊರಟವರಿಗೆ ಶೇಡ್ ಕಾರ್ಡಿನಲ್ಲಿ ಹತ್ತಾರು ತಿಳಿಹಸಿರುಗಳು ಸಿಗುತ್ತವೆ, ಮತ್ತು ಅವುಗಳಲ್ಲಿ ಬೇಡವಾದುವನ್ನು ಬಿಡುತ್ತಾ ಬಂದರೆ ಕೊನೆಗೆ ಒಂದನ್ನೊಂದು ಹೋಲುವ ಎರಡು ಉಳಿಯುತ್ತವೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯಲ್ಲಿರುವ ನಮ್ಮ ಹಳೆಯ ಹೆಂಚಿನ ಮನೆಗಾಗಿ ಮತ್ತು ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ತಂಗಿ ಕಟ್ಟಿಸಿದ ಹೊಸ ಮನೆಗಾಗಿ ನಾವು ನೋಡಿದ್ದು ಒಂದೇ ಕಂಪನಿಯ, ಒಂದೇ ದರ್ಜೆಯ ಎಮಲ್ಷನ್‌ನ ಇಂಥ ಎರಡು ಶೇಡ್‌ಗಳನ್ನು. ಡಬ್ಬಿಯ ಮೇಲಿನ ಸಂಕೇತ ಸಂಖ್ಯೆಗಳು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲವಾದ್ದರಿಂದ ಮನೆಯಲ್ಲಿ ಒಂದನ್ನು ಬಾಳೆಸುಳಿ ಎಂದೂ ಇನ್ನೊಂದನ್ನು ಕಲ್ಲುಹೂವು ಎಂದೂ ಕರೆದುಕೊಂಡೆವು. ಇಲ್ಲಿಯೂ ಅವೇ ಹೆಸರುಗಳನ್ನು ಬಳಸುತ್ತೇನೆ. ಬೇರೆ ಕಂಪನಿಯ ಕಾರ್ಡಿನಲ್ಲೂ ಇವಕ್ಕೆ ಸಮೀಪದ ಜೋಡಿ ಖಂಡಿತ ಸಿಗುತ್ತದೆ.

ಬಾಳೆಸುಳಿಯು ಹಳದಿಯ ಕಡೆಗೆ ವಾಲುವ ತಿಳಿಹಸಿರು. ಕಲ್ಲುಹೂವು ಬೂದಿಯ ಕಡೆಗೆ, ಅದರಲ್ಲೂ ಸ್ವಲ್ಪ ನೀಲಿ ಬೆರೆತ ಬೂದಿಯ ಕಡೆಗೆ ವಾಲುವಂಥದ್ದು. ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರವು ಎರಡಕ್ಕೂ ಒಂದೇ ಬಿಳಿ ಬೇಸನ್ನು ತೆಗೆದುಕೊಳ್ಳುತ್ತದೆ. ಆ ಬಿಳುಪು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡಿನದು. ಅದಕ್ಕೆ ಹಸಿರಿನ ಜೊತೆಯಲ್ಲಿ ಹಳದಿ ಹೆಚ್ಚು ಬಿದ್ದರೆ ಬಾಳೆಸುಳಿಯ ಕಡೆಗೂ, ಹಳದಿ ಕಡಿಮೆಯಾಗಿ ಕಪ್ಪು ತುಸು ಬಿದ್ದರೆ ಕಲ್ಲುಹೂವಿನ ಕಡೆಗೂ ಬಣ್ಣ ಹೊರಳುತ್ತದೆ. ಇಡೀ ಡಬ್ಬಿಗೆ ಬೀಳುವ ಬಣ್ಣದ ಪ್ರಮಾಣ ಬಹಳ ಕಡಿಮೆ, ಎರಡು ಶೇಡ್‌ಗಳ ನಡುವಿನ ಅಂತರ ಅದಕ್ಕಿಂತಲೂ ಕಡಿಮೆ. ಆದರೂ ಗೋಡೆಯ ಮೇಲೆ ಬಂದಾಗ ಇವೆರಡೂ ಬೇರೆ ಬೇರೆ ಮನೆಗಳನ್ನೇ ಕಟ್ಟಿಕೊಡುತ್ತವೆ ಎಂಬುದು ನಾನು ಹೇಳಬೇಕಾದ ಮುಖ್ಯ ಮಾತು. ಯಾವ ಮನೆ ಬೇಕೆಂಬುದನ್ನು ನಿರ್ಧರಿಸುವುದು ಕಾರ್ಡಲ್ಲ, ಮನೆಯ ಸುತ್ತ ಇರುವ ತೋಟ, ಕಾಲಡಿಯ ನೆಲ ಮತ್ತು ಮಳೆಗಾಲದ ಬೆಳಕು.

ಬೆಳಕಿನ ಪ್ರತಿಫಲನವನ್ನು ಸೂಚಿಸುವ ಒಂದು ಅಂಕಿ ಇದೆ. ಅದನ್ನು ಎಲ್‌ಆರ್‌ವಿ ಎನ್ನುತ್ತಾರೆ. ಅಚ್ಚಗಪ್ಪಿಗೆ 0, ಅಚ್ಚಬಿಳಿಗೆ 100. ನಮ್ಮ ಎರಡು ಶೇಡ್‌ಗಳಲ್ಲಿ ಬಾಳೆಸುಳಿಯದು ಕಲ್ಲುಹೂವಿನದಕ್ಕಿಂತ ಕೆಲವೇ ಅಂಕ ಹೆಚ್ಚು. ಬಿಳಿ ಸೀಲಿಂಗ್ ಮತ್ತು ದೊಡ್ಡ ಕಿಟಕಿಗಳಿರುವ ಮನೆಯಲ್ಲಿ ಇಷ್ಟು ವ್ಯತ್ಯಾಸವನ್ನು ಲೆಕ್ಕಿಸದೆ ಬಿಡಬಹುದು. ಆದರೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೇಲೆ ಕಪ್ಪಾದ ಮರದ ಮುಚ್ಚಿಗೆ, ಕೆಳಗೆ ಕಡುಗೆಂಪು ನೆಲ, ಹೊರಗೆ ತಗ್ಗಾಗಿ ಇಳಿದ ಸೂರು. ಒಳಗೆ ಬಂದ ಬೆಳಕನ್ನು ಮುಚ್ಚಿಗೆಯೂ ನೆಲವೂ ನುಂಗುತ್ತವೆ, ತಿರುಗಿ ಕೊಡುವುದು ಗೋಡೆ ಮಾತ್ರ. ಅಂಥ ಕಡೆ ಕೆಲವು ಅಂಕಗಳ ಅಂತರವೂ ನಡುಮನೆಯಲ್ಲಿ ಕುಳಿತು ಪತ್ರಿಕೆ ಓದುವವರ ಅನುಭವಕ್ಕೆ ಬರುತ್ತದೆ.

ಈಗ ತೋಟದ ವಿಷಯ. ಅಡಿಕೆ ತೋಟದ ಅಂಚಿನಲ್ಲಿರುವ ಮನೆಯ ಕಿಟಕಿಯಿಂದ ಒಳಗೆ ಬರುವುದು ಬರಿಯ ಬಿಸಿಲಲ್ಲ. ಎಲೆಗಳ ಮೇಲೆ ಬಿದ್ದು ಚದುರಿ, ಎಲೆಗಳ ಮೂಲಕ ಸೋಸಿ ಬಂದ ಬೆಳಕು. ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿಯನ್ನು ಹೆಚ್ಚು ಹೀರಿಕೊಳ್ಳುವುದರಿಂದ ಉಳಿದು ಬರುವ ಬೆಳಕಿನಲ್ಲಿ ಹಳದಿಹಸಿರಿನ ಪಾಲು ಹೆಚ್ಚು. ಸುಣ್ಣ ಬಳಿದ ಬಿಳಿ ಗೋಡೆಯೂ ಇಂಥ ಕೋಣೆಯಲ್ಲಿ ಬೆಳಗಿನ ಹೊತ್ತು ತುಸು ಹಸಿರಾಗಿ ಕಾಣುವುದನ್ನು ತೋಟದ ಮನೆಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಹೀಗಿರುವಾಗ ಅದೇ ಗೋಡೆಗೆ ಬಾಳೆಸುಳಿಯನ್ನು ಬಳಿದರೆ ಬೆಳಕಿನ ಹಳದಿಹಸಿರು ಬಣ್ಣದ ಹಳದಿಹಸಿರಿನ ಮೇಲೆ ಕೂಡಿಕೊಂಡು, ಚಳಿಗಾಲದ ಬಿಸಿಲಿರುವ ಬೆಳಗುಗಳಲ್ಲಿ ಗೋಡೆ ಕಣ್ಣಿಗೆ ಚುಚ್ಚುವಷ್ಟು ಗಾಢವಾಗುತ್ತದೆ. ಕಲ್ಲುಹೂವು ಆ ಬೆಳಕಿನಲ್ಲಿ ಬಹಳ ಚೆನ್ನಾಗಿ ನಡೆದುಕೊಳ್ಳುತ್ತದೆ: ಅದರ ಬೂದಿ ಹಿಂದೆ ಸರಿದು, ಕಾರ್ಡಿನಲ್ಲಿ ಮಂಕಾಗಿ ಕಂಡಿದ್ದ ಬಣ್ಣ ಗೋಡೆಯ ಮೇಲೆ ತಿಳಿಯಾದ, ಶಾಂತವಾದ ಹಸಿರಾಗುತ್ತದೆ. ತೋಟಕ್ಕೆ ನೇರವಾಗಿ ತೆರೆದುಕೊಳ್ಳುವ ಕೋಣೆಗೆ ಕಲ್ಲುಹೂವನ್ನೇ ಆರಿಸಬೇಕೆಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ಬಣ್ಣ ಒಂದು ಚೌಕದಲ್ಲಿದ್ದಾಗ ಕಾಣುವಂತೆ ನಾಲ್ಕು ಗೋಡೆಗಳ ಮೇಲಿದ್ದಾಗ ಕಾಣುವುದಿಲ್ಲ. ಒಂದು ಗೋಡೆಗೆ ಬಿದ್ದ ಬೆಳಕು ಹಸಿರಾಗಿ ಎದುರಿನ ಗೋಡೆಗೆ ಹೋಗುತ್ತದೆ, ಅಲ್ಲಿಂದ ಇನ್ನಷ್ಟು ಹಸಿರಾಗಿ ಮರಳುತ್ತದೆ. ಕೋಣೆ ಚಿಕ್ಕದಾದಷ್ಟೂ ಈ ಪರಸ್ಪರ ಪ್ರತಿಫಲನ ಹೆಚ್ಚು. ಆದ್ದರಿಂದಲೇ ಅನುಭವಿ ಪೇಂಟರ್‌ಗಳು ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ತೆಗೆದುಕೊಳ್ಳಿ ಎನ್ನುವುದು. ಬಾಳೆಸುಳಿಯಂಥ ನಿಚ್ಚಳವಾದ ಬಣ್ಣಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ, ಬೂದಿ ಬೆರೆತ ಕಲ್ಲುಹೂವಿಗೆ ಕಡಿಮೆ.

ಇಷ್ಟು ಓದಿದವರು ಎಲ್ಲ ಕಡೆಗೂ ಕಲ್ಲುಹೂವೇ ಸರಿ ಎಂದುಕೊಳ್ಳಬಾರದು, ಏಕೆಂದರೆ ಮಳೆಗಾಲ ಬಂದಾಗ ಲೆಕ್ಕ ಪೂರ್ತಿ ತಿರುಗುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲೇ. ಆರಿದ್ರೆಯಿಂದ ಆಶ್ಲೇಷದವರೆಗೆ ಎಷ್ಟೋ ದಿನ ಬಿಸಿಲಿನ ಮುಖವೇ ಕಾಣುವುದಿಲ್ಲ. ದಟ್ಟ ಮೋಡದ ಬೆಳಕು ಮಂದವೂ ಹೌದು, ಬಿಸಿಲಿಗಿಂತ ನೀಲಿಯ ಕಡೆಗೆ ವಾಲಿದ್ದೂ ಹೌದು. ಆ ಬೆಳಕಿನಲ್ಲಿ ಕಲ್ಲುಹೂವಿನ ಹಸಿರು ಹಿಂದೆ ಸರಿದು ಬೂದಿ ಮುಂದೆ ಬರುತ್ತದೆ. ತೋಟದ ಕಡೆಯ ಕೋಣೆಯಲ್ಲಿ ಎಲೆಗಳ ಬೆಳಕು ಅದನ್ನು ಸ್ವಲ್ಪ ಕಾಪಾಡುತ್ತದೆ. ಒಳಗಿನ ನಡುಮನೆಯಲ್ಲಿ, ಮಾಡಿಗೆ ಹಾಕಿದ ಎರಡು ಗಾಜಿನ ಹೆಂಚಿನಿಂದ ಮಾತ್ರ ಬೆಳಕು ಇಳಿಯುವಲ್ಲಿ, ಗೋಡೆ ಒದ್ದೆಯಾಗಿದೆಯೇನೋ ಎಂಬ ಭಾವನೆ ಬರುವಷ್ಟು ತಣ್ಣಗಾಗುತ್ತದೆ. ಮಲೆನಾಡಿನಲ್ಲಿ ಒದ್ದೆ ಗೋಡೆ ಎಂಬುದು ಬರಿಯ ಭಾವನೆಯ ವಿಷಯವಲ್ಲ. ಬೂಷ್ಟು ಹಿಡಿಯುವ ಗೋಡೆಯ ಮೊದಲ ಬಣ್ಣವೂ ಇಂಥದೇ ಹಸಿರು ಬೆರೆತ ಬೂದಿ. ನಮ್ಮ ಅತ್ತೆಯವರು ಕಲ್ಲುಹೂವಿನ ಮಾದರಿಯನ್ನು ನಡುಮನೆಯ ಮೂಲೆಯಲ್ಲಿ ಕಂಡ ಕೂಡಲೇ, "ಇದನ್ನು ಬಳಿದರೆ ಬೂಷ್ಟು ಬಂದದ್ದೂ ತಿಳಿಯುವುದಿಲ್ಲ, ಬಾರದಿದ್ದರೂ ಬಂದ ಹಾಗೇ ಕಾಣುತ್ತದೆ" ಎಂದರು. ಇದಕ್ಕಿಂತ ಸರಿಯಾದ ಅಭಿಪ್ರಾಯವನ್ನು ಈ ಶೇಡಿನ ಬಗ್ಗೆ ನಾನು ಬೇರೆಲ್ಲೂ ಕೇಳಿಲ್ಲ. ಬಾಳೆಸುಳಿಯ ಹಳದಿ ಅದೇ ಮೋಡದ ಬೆಳಕಿನಲ್ಲಿ ಉಳಿದುಕೊಳ್ಳುತ್ತದೆ. ಬಿಸಿಲಿನಲ್ಲಿ ಅತಿಯಾಗಿ ಕಂಡಿದ್ದ ಗುಣವೇ ಮಳೆಯಲ್ಲಿ ಕೋಣೆಯನ್ನು ಬೆಚ್ಚಗೆ ಇಡುತ್ತದೆ. ವರ್ಷದಲ್ಲಿ ಜನ ಮನೆಯೊಳಗೆ ಅತಿ ಹೆಚ್ಚು ಹೊತ್ತು ಕುಳಿತಿರುವುದು ಆ ತಿಂಗಳುಗಳಲ್ಲೇ ಆದ್ದರಿಂದ, ನಡುಮನೆಯ ಬಣ್ಣವನ್ನು ಮಳೆಗಾಲದ ಬೆಳಕಿಗೆ ತಕ್ಕಂತೆ ಆರಿಸುವುದು ನ್ಯಾಯ ಎಂದು ನನಗೆ ತೋರುತ್ತದೆ.

ಬಣ್ಣದ ಬಗ್ಗೆ ಹೊರದೇಶದವರು ಕೊಡುವ ಸಲಹೆಗಳಲ್ಲಿ ಉತ್ತರದ ಕೋಣೆಗೆ ಸದಾ ತಣ್ಣನೆಯ ಬೆಳಕು, ಆದ್ದರಿಂದ ಅಲ್ಲಿಗೆ ಬೆಚ್ಚನೆಯ ಬಣ್ಣ ಎಂಬ ನಿಯಮವೊಂದು ಇರುತ್ತದೆ. ಶಿವಮೊಗ್ಗ ಇರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹೀಗಾಗಿ ಉತ್ತರದ ಗೋಡೆಗೂ ಮೇ ತಿಂಗಳಲ್ಲಿ ಬಿಸಿಲು ತಾಗುತ್ತದೆ. ಆ ನಿಯಮವನ್ನು ಹಾಗೆಯೇ ಇಲ್ಲಿಗೆ ತರುವುದಕ್ಕಿಂತ ಯಾವ ಕಿಟಕಿಯ ಮುಂದೆ ಏನಿದೆ, ತೋಟವೋ ಅಂಗಳವೋ ಪಕ್ಕದ ಮನೆಯ ಗೋಡೆಯೋ ಎಂದು ನೋಡುವುದು ಹೆಚ್ಚು ಉಪಯುಕ್ತ.

ನೆಲದ ಪಾತ್ರ ಸ್ವಲ್ಪ ಸೂಕ್ಷ್ಮವಾದದ್ದು. ರೆಡ್ ಆಕ್ಸೈಡ್ ನೆಲ ಇರುವ ಮನೆಗಳಲ್ಲಿ ತಿಳಿಹಸಿರಿಗೆ ಎರಡು ಬಗೆಯ ಪರಿಣಾಮ ಆಗುತ್ತದೆ. ನೆಲಕ್ಕೆ ಬಿದ್ದು ಮೇಲೆದ್ದ ಕೆಂಪು ಬೆಳಕು ಗೋಡೆಯ ಕೆಳಭಾಗದ ಹಸಿರನ್ನು ಮಂಕಾಗಿಸುತ್ತದೆ. ಮೊಣಕಾಲೆತ್ತರದವರೆಗೆ ಬಣ್ಣ ತುಸು ಕೆನೆಯಂತೆ ಕಾಣುವುದು ಇದರಿಂದ. ಅದೇ ಹೊತ್ತಿಗೆ ಕೆಂಪಿನ ಪಕ್ಕದಲ್ಲಿರುವುದರಿಂದ ಇಡೀ ಗೋಡೆಯ ಹಸಿರು ಕಣ್ಣಿಗೆ ಇರುವುದಕ್ಕಿಂತ ಹೆಚ್ಚು ಹಸಿರಾಗಿ ತೋರುತ್ತದೆ. ಈ ಎರಡನೆಯದನ್ನು ಮೊದಲು ವಿವರವಾಗಿ ಬರೆದವರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಪ್ರಮುಖರು. ಅವರು ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸದ ಮೇಲ್ವಿಚಾರಕರಾಗಿದ್ದಾಗ ಕಪ್ಪು ನೂಲು ಸರಿಯಾಗಿಲ್ಲವೆಂಬ ದೂರು ಬಂದಿತ್ತು. ದೋಷ ನೂಲಿನಲ್ಲಿ ಇರಲಿಲ್ಲ, ಪಕ್ಕದ ನೂಲಿನ ಬಣ್ಣ ಕಣ್ಣಿನ ಮೇಲೆ ಮಾಡುವ ಪರಿಣಾಮದಲ್ಲಿತ್ತು ಎಂದು ಕಂಡುಕೊಂಡು ಅದರ ಅಧ್ಯಯನವನ್ನು 1839ರಲ್ಲಿ ಪ್ರಕಟಿಸಿದರು. ಕೆಂಪು ನೆಲದ ಮೇಲೆ ನಿಂತ ಕಲ್ಲುಹೂವು ಕಾರ್ಡಿನಲ್ಲಿ ಇದ್ದದ್ದಕ್ಕಿಂತ ಹಸಿರಾಗಿ ಕಾಣುವುದೂ, ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಹೊಸ ಮನೆಯಲ್ಲಿ ಅದೇ ಬಣ್ಣ ಬರಿಯ ಬೂದಿಯಾಗಿ ಕಾಣುವುದೂ ಇದೇ ಕಾರಣದಿಂದ.

ಗೋಡೆಯ ಮೇಲೆ ಏನು ತೂಗುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಮ್ಮ ನಡುಮನೆಯಲ್ಲಿ ಸಾಗರದ ಕಡೆಯಿಂದ ತಂದ ಹಸೆ ಚಿತ್ತಾರದ ಚೌಕಟ್ಟೊಂದಿದೆ. ದೀವರ ಹೆಣ್ಣುಮಕ್ಕಳ ಈ ಕಲೆಯಲ್ಲಿ ಕೆಮ್ಮಣ್ಣಿನ ಹಿನ್ನೆಲೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು. ಬಾಳೆಸುಳಿಯ ಗೋಡೆಯ ಮೇಲೆ ಆ ಕೆಮ್ಮಣ್ಣು ಬೆಂಕಿಯ ಬಣ್ಣಕ್ಕೆ ಸಮೀಪವಾಗಿ ಉಜ್ಜ್ವಲವಾಗುತ್ತದೆ, ಕಲ್ಲುಹೂವಿನ ಮೇಲೆ ಮಣ್ಣಿನ ಬಣ್ಣವಾಗಿಯೇ ಉಳಿಯುತ್ತದೆ. ಚಿತ್ತಾರದ ದೃಷ್ಟಿಯಿಂದ ಎರಡನೆಯದೇ ಚೆಂದ, ಅದನ್ನು ಒಪ್ಪಿಕೊಳ್ಳಲೇಬೇಕು. ಹಲಸಿನ ಮರದ ಕಂಬ ಮತ್ತು ದಾರಂದಗಳ ಹೊಂಬಣ್ಣಕ್ಕೆ ಮಾತ್ರ ಬಾಳೆಸುಳಿ ಒಳ್ಳೆಯ ಜೊತೆ.

ರಾತ್ರಿಯ ದೀಪವನ್ನು ಬಹಳ ಮಂದಿ ಮರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಲ್‌ಇಡಿ ಬಲ್ಬು 6500 ಕೆಲ್ವಿನ್‌ನ ಬಿಳಿನೀಲಿ ಬೆಳಕಿನದು. ಹಳದಿ ಬೆಳಕು ಬೇಕಾದರೆ 2700 ಅಥವಾ 3000 ಕೆಲ್ವಿನ್ ಎಂದು ಕೇಳಿ ತರಬೇಕು. ಬಿಳಿನೀಲಿ ಬೆಳಕಿನಲ್ಲಿ ಕಲ್ಲುಹೂವು ಆಸ್ಪತ್ರೆಯ ಪಡಸಾಲೆಯ ಬಣ್ಣವಾಗುತ್ತದೆ. ಹಳದಿ ಬೆಳಕಿನಲ್ಲಿ ಬಾಳೆಸುಳಿಯ ಹಸಿರು ಬಹುಪಾಲು ಮಾಯವಾಗಿ ಬೆಣ್ಣೆಯ ಬಣ್ಣ ಉಳಿಯುತ್ತದೆ. ನಡುವಿನ 4000 ಕೆಲ್ವಿನ್ ದೀಪದಲ್ಲಿ ಎರಡೂ ತಮ್ಮತಮ್ಮ ಬಣ್ಣವನ್ನು ಉಳಿಸಿಕೊಂಡವು. ಬಣ್ಣಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವವರು ದೀಪವನ್ನು ಬದಲಿಸುವ ಸಣ್ಣ ಖರ್ಚನ್ನು ಇದರೊಡನೆಯೇ ಸೇರಿಸಿಕೊಳ್ಳುವುದು ಒಳ್ಳೆಯದು. ಕರೆಂಟು ಹೋದ ಸಂಜೆಗಳ ಬಗ್ಗೆ ಒಂದು ಮಾತು: ಬೆಳಕು ತೀರಾ ಕುಗ್ಗಿದಾಗ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿಹಸಿರು ಕೊನೆಯವರೆಗೂ ತಿಳಿಯಾಗಿ ಕಾಣುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೆಯ ಶತಮಾನದ ಆರಂಭದಲ್ಲೇ ಇದನ್ನು ಗಮನಿಸಿದ್ದರು. ಆ ಹೊತ್ತಿನಲ್ಲಿ ಮಾತ್ರ ನಡುಮನೆಗೂ ಕಲ್ಲುಹೂವು ಮೇಲು.

ಮಾದರಿ ನೋಡುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೇಲೆ ಹೇಳಿದ್ದೆಲ್ಲ ಕಂಡದ್ದು ಆ ಕ್ರಮದಿಂದ. ಗೋಡೆಯ ಮೇಲೆಯೇ ಎರಡು ಬಣ್ಣಗಳನ್ನು ಅಕ್ಕಪಕ್ಕ ಬಳಿದು ನೋಡುವುದು ಸಾಮಾನ್ಯ ರೂಢಿ. ಆದರೆ ಹಾಗೆ ಮಾಡಿದಾಗ ಕಣ್ಣು ಎರಡನ್ನೂ ಒಂದಕ್ಕೊಂದು ಹೋಲಿಸುತ್ತದೆಯೇ ಹೊರತು ಕೋಣೆಗೆ ಹೋಲಿಸುವುದಿಲ್ಲ. ಬಾಳೆಸುಳಿಯ ಪಕ್ಕದಲ್ಲಿ ಕಲ್ಲುಹೂವು ಇನ್ನಷ್ಟು ನೀಲಿಯಾಗಿ, ಕಲ್ಲುಹೂವಿನ ಪಕ್ಕದಲ್ಲಿ ಬಾಳೆಸುಳಿ ಇನ್ನಷ್ಟು ಹಳದಿಯಾಗಿ ತೋರಿ ಎರಡಕ್ಕೂ ಅನ್ಯಾಯವಾಗುತ್ತದೆ. ಜೊತೆಗೆ ಹಳೆಯ ಗೋಡೆಯ ಬಣ್ಣವೂ ಸುತ್ತಲೂ ಇದ್ದು ದಾರಿ ತಪ್ಪಿಸುತ್ತದೆ. ನಾವು ಅಂಗಡಿಯಿಂದ ಎರಡೂ ಶೇಡ್‌ಗಳ ಚಿಕ್ಕ ಡಬ್ಬಿಗಳನ್ನು ತಂದು, ಬಿಳಿ ಪ್ರೈಮರ್ ಹಚ್ಚಿದ ದೊಡ್ಡ ಹಾರ್ಡ್‌ಬೋರ್ಡ್ ತುಂಡುಗಳಿಗೆ ಎರಡೆರಡು ಕೋಟು ಬಳಿದು, ಸುತ್ತ ಬಿಳಿಯ ಅಂಚು ಬಿಟ್ಟು, ಒಂದನ್ನು ಒಳಗಿಟ್ಟು ಇನ್ನೊಂದನ್ನು ಮಾತ್ರ ಹೊರಗಿಟ್ಟು ನೋಡಿದೆವು. ಬೋರ್ಡನ್ನು ಕಿಟಕಿಯ ಎದುರಿನ ಗೋಡೆಗೆ, ಕಿಟಕಿಯಿರುವ ಗೋಡೆಗೆ, ಮೂಲೆಗೆ, ನೆಲಕ್ಕೆ ತಾಗುವಂತೆ ಕೆಳಗೆ ಎಂದು ಜಾಗ ಬದಲಿಸಬೇಕು. ಕಿಟಕಿಯಿರುವ ಗೋಡೆ ಸದಾ ನೆರಳಿನಲ್ಲಿರುವುದರಿಂದ ಅಲ್ಲಿ ಯಾವ ಬಣ್ಣವೂ ಒಂದೆರಡು ಮೆಟ್ಟಿಲು ಗಾಢವಾಗಿಯೇ ಕಾಣುತ್ತದೆ. ಎಮಲ್ಷನ್ ಹಸಿಯಾಗಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿದ್ದು ಒಣಗಿದ ಮೇಲೆ ಗಾಢವಾಗುತ್ತದೆಯಾದ್ದರಿಂದ ಪೂರ್ತಿ ಒಣಗುವ ಮುನ್ನ ಅಭಿಪ್ರಾಯಕ್ಕೆ ಬರಬಾರದು. ನಮ್ಮ ಪೇಂಟರ್ ಈ ಬೋರ್ಡುಗಳನ್ನು ಮಳೆಗಾಲದವರೆಗೂ ಇಟ್ಟುಕೊಳ್ಳುವಂತೆ ಹೇಳಿದರು. "ಬೇಸಿಗೇಲಿ ಎಲ್ಲ ಬಣ್ಣಾನೂ ಚೆನ್ನಾಗೇ ಕಾಣ್ತದೆ ಅಮ್ಮ, ಆರಿದ್ರೆ ಮಳೇಲಿ ಒಂದ್ಸಲ ನೋಡಿ ಆಮೇಲೆ ಹೇಳಿ" ಎಂಬುದು ಅವರ ಮಾತು. ಬಣ್ಣ ಬಳಿಯುವ ಕಾಲ ಹೇಗೂ ದೀಪಾವಳಿಯ ನಂತರವೇ ಆದ್ದರಿಂದ ಕಾಯುವುದರಲ್ಲಿ ನಷ್ಟವೇನೂ ಇರಲಿಲ್ಲ. ಅಡಿಕೆ ಕೊಯಿಲಿನ ದಿನಗಳಲ್ಲಿ ಕೆಲಸದವರು ಸಿಗುವುದು ಕಷ್ಟ. ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ವಿನೋಬನಗರದ ಮನೆಯಲ್ಲಿ ಫಲಿತಾಂಶ ಬೇರೆಯಾಯಿತು. ಶಿವಮೊಗ್ಗ ನಗರಕ್ಕೆ ಬೀಳುವ ಮಳೆ ಘಟ್ಟದ ಅಂಚಿನಲ್ಲಿ ಬೀಳುವುದರ ಒಂದು ಸಣ್ಣ ಪಾಲು ಮಾತ್ರ. ಆಕಾಶ ತೆರೆದದ್ದು, ಬಿಸಿಲು ಧಾರಾಳ. ಪೂರ್ವಕ್ಕೆ ದೊಡ್ಡ ಕಿಟಕಿಗಳಿರುವ ಹಾಲ್‌ನಲ್ಲಿ ಬೆಳಗಿನ ಎಳೆಬಿಸಿಲು ಬಾಳೆಸುಳಿಯನ್ನು ಪೂರ್ತಿ ಹಳದಿ ಮಾಡಿಬಿಡುತ್ತಿತ್ತು. ತಂಗಿ ಅಲ್ಲಿಗೆ ಕಲ್ಲುಹೂವನ್ನು ಆರಿಸಿದಳು, ಬಿಳಿ ಟೈಲ್ಸ್‌ನಿಂದ ಬೂದಿಯಾಗುವುದನ್ನು ತಡೆಯಲು ಕಂದು ಮರದ ಪೀಠೋಪಕರಣ ಮತ್ತು ಇಟ್ಟಿಗೆ ಬಣ್ಣದ ಪರದೆಗಳನ್ನು ಜೋಡಿಸಿದಳು. ಈಗ ಆ ಹಾಲ್ ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣಿಗೆ ತಂಪಾಗಿದೆ.

ಬಣ್ಣದ ಆಯ್ಕೆ ಎಷ್ಟೇ ಸರಿಯಾದರೂ ಗೋಡೆ ಸಿದ್ಧವಾಗಿರದಿದ್ದರೆ ಪ್ರಯೋಜನವಿಲ್ಲ. ಹಳೆಯ ಮನೆಯ ಸುಣ್ಣದ ಪದರಗಳ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಅದು ಸುಣ್ಣದ ಪುಡಿಯನ್ನು ಹಿಡಿದುಕೊಂಡೇ ಹಪ್ಪಳದಂತೆ ಏಳುತ್ತದೆ. ಸಡಿಲವಾದುದನ್ನೆಲ್ಲ ಕೆರೆದು, ಉಜ್ಜಿ, ಪ್ರೈಮರ್ ಕೊಡಲೇಬೇಕು. ಬೂಷ್ಟು ಇದ್ದ ಕಡೆ ಅದನ್ನು ಕೊಲ್ಲುವ ದ್ರಾವಣ ಹಚ್ಚಿ ತೊಳೆದು ಒಣಗಿಸಬೇಕು, ಬರಿಯ ಬಣ್ಣದಿಂದ ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಮೇಲೆ ಬರುತ್ತದೆ. ಹೊಸ ಸಿಮೆಂಟ್ ಗಾರೆಗೆ ಕನಿಷ್ಠ 28 ದಿನಗಳ ಕ್ಯೂರಿಂಗ್ ಮತ್ತು ಆಮೇಲೆ ಒಣಗಲು ಬೇಕಾದಷ್ಟು ಕಾಲ ಕೊಡಬೇಕು. ಗಾಳಿಯ ತೇವಾಂಶ ಶೇಕಡಾ 85 ದಾಟಿದ ದಿನಗಳಲ್ಲಿ ಬಳಿಯಬಾರದು.

ಬಳಕೆಯಲ್ಲಿ ಎರಡೂ ಶೇಡ್‌ಗಳು ಸಮಾನವಾಗಿ ಬಾಳಿವೆ. ಸಾಫ್ಟ್ ಶೀನ್, ಅಂದರೆ ತುಸುವೇ ಹೊಳಪಿರುವ ಮೇಲ್ಮೈಯಾದ್ದರಿಂದ ಮಕ್ಕಳ ಕೈಗುರುತು ಒದ್ದೆ ಬಟ್ಟೆಗೆ ಹೋಗುತ್ತದೆ. ಕೆಮ್ಮಣ್ಣಿನ ಧೂಳು ಬಾಳೆಸುಳಿಯ ಮೇಲೆ ಬೇಗ ಕಾಣುತ್ತದೆ, ಬಚ್ಚಲೊಲೆಯ ಹೊಗೆಯ ಛಾಯೆ ಕಲ್ಲುಹೂವಿನ ಮೇಲೆ ಕಾಣುವುದು ತಡ. ಹೊಳಪಿನ ಮೇಲ್ಮೈ ಗೋಡೆಯ ಉಬ್ಬುತಗ್ಗನ್ನು ಎತ್ತಿ ತೋರಿಸುವುದರಿಂದ ಮಣ್ಣಿನ ಗೋಡೆಯ ಮನೆಯವರು ಹೊಳಪಿಲ್ಲದ ಮ್ಯಾಟ್ ತೆಗೆದುಕೊಳ್ಳುವುದೇ ಸರಿ, ಆಗ ಒರೆಸುವ ಅನುಕೂಲ ಸ್ವಲ್ಪ ಕಡಿಮೆಯಾಗುತ್ತದೆ. ಬೇಸ್ ಒಂದೇ ಆದ್ದರಿಂದ ಬೆಲೆಯಲ್ಲಿ ವ್ಯತ್ಯಾಸವಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಚಿಕ್ಕ ಮಕ್ಕಳಿರುವ ಮನೆಯವರು ಡಬ್ಬಿಯ ಮೇಲೆ ಅದರ ಉಲ್ಲೇಖವಿದೆಯೇ ಎಂದು ನೋಡಿಯೇ ಕೊಳ್ಳಬೇಕು, ಹೆಸರಿಲ್ಲದ ಅಗ್ಗದ ಬಣ್ಣದ ಕಡೆಗೆ ಹೋಗಬಾರದು.

ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಇಷ್ಟು ತಿಳಿಯಾದ ಶೇಡ್‌ಗಳಲ್ಲಿ ಯಂತ್ರದಿಂದ ಬೀಳುವ ಒಂದು ಹನಿಯ ವ್ಯತ್ಯಾಸವೂ ಗೋಡೆಯ ಮೇಲೆ ಕಾಣಬಹುದು. ಒಂದು ಕೋಣೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಸಲ ಬೆರೆಸಿಸಿ ತಂದು, ಬಳಿಯುವ ಮುನ್ನ ಎಲ್ಲ ಡಬ್ಬಿಗಳನ್ನೂ ದೊಡ್ಡ ಪಾತ್ರೆಯಲ್ಲಿ ಒಟ್ಟುಗೂಡಿಸಿ ಕಲಕಿಕೊಳ್ಳುವುದು ಕ್ಷೇಮ. ಬಿ.ಎಚ್. ರಸ್ತೆಯ ಅಂಗಡಿಯವರು ಇದನ್ನು ನಾವು ಕೇಳುವ ಮೊದಲೇ ಹೇಳಿದರು, ಶೇಡಿನ ಸಂಕೇತ, ಬೇಸ್ ಮತ್ತು ಬೆರೆಸಿದ ದಿನಾಂಕವನ್ನು ಬಿಲ್ಲಿನ ಹಿಂದೆ ಬರೆದೂ ಕೊಟ್ಟರು. ನಡುಮನೆಗೆ ಬಾಳೆಸುಳಿ, ತೋಟದ ಕಡೆಯ ಕೋಣೆಗೆ ಕಲ್ಲುಹೂವು ಎಂದು ಎರಡನ್ನೂ ನಾವು ಒಂದೇ ಮನೆಗೆ ತಂದೆವು. ಎರಡೂ ಕೋಣೆಗಳ ನಡುವಿನ ಬಾಗಿಲಿಗೆ ಅಗಲವಾದ ಮರದ ದಾರಂದ ಇರುವುದರಿಂದ ಹಸಿರುಗಳು ಒಂದನ್ನೊಂದು ನೇರವಾಗಿ ತಾಗುವುದಿಲ್ಲ. ದಾರಂದವಿಲ್ಲದೆ ಕಮಾನಿನಿಂದಷ್ಟೇ ಸೇರಿಕೊಂಡ ಹಾಲ್ ಮತ್ತು ಊಟದ ಕೋಣೆಗೆ ಈ ಎರಡನ್ನು ಜೊತೆಯಾಗಿ ಬಳಿಸಬೇಡಿ. ಅಲ್ಲಿ ಕಲ್ಲುಹೂವೊಂದನ್ನೇ ತೆಗೆದುಕೊಂಡು, ಕತ್ತಲೆಯ ಭಾಗದಲ್ಲಿ ಸೀಲಿಂಗಿನ ಬಿಳಿಯನ್ನು ಗೋಡೆಯ ಮೇಲಂಚಿನಿಂದ ಒಂದಡಿ ಕೆಳಗಿನವರೆಗೆ ಇಳಿಸಿಕೊಳ್ಳಿ.